ಮಣ್ಣು ಒಪ್ಪದ ಎವಾಂಥಿಯಾ

ಹಳೆಯ ಗ್ರೀಕರು ಸತ್ತವರನ್ನು ಹೇಗೆ ಕಳಿಸಿಕೊಡುತ್ತಿದ್ದರು ಎಂಬ ವಿಷಯದಲ್ಲಿ ಅನಾರ್ಗಿರೋಸ್ ಮೆಲಿಸ್ಸಿನೋಸ್ ಬರೆದದ್ದೇ ಕಡೆಯ ಮಾತು. ಅಥೆನ್ಸಿನಲ್ಲಿ ಒಂದಿಡೀ ತಲೆಮಾರಿಗೆ ಪ್ರಾಚೀನ ಗ್ರೀಕ್ ಕಲಿಸಿದವರು. ಸವೆದ ಗೋರಿಕಲ್ಲಿನ ಅರ್ಧ ಸಾಲು ತೋರಿಸಿದರೆ ಉಳಿದರ್ಧ ಹೇಳಬಲ್ಲವರು. ಯುರೋಪಿನ ದೊಡ್ಡ ವಿದ್ಯಾಪೀಠಗಳೆಲ್ಲ ಕರೆದು ಪದಕ ಕೊಟ್ಟಿದ್ದವು. ಇಂಥ ಪಂಡಿತರು ಸ್ವಂತ ಹೆಂಡತಿ ಎವಾಂಥಿಯಾಳ ಗೋರಿಯ ಮುಂದೆ ದಿಕ್ಕು ತೋಚದೆ ನಿಂತಿದ್ದರು ಅಂದರೆ ನೀವು ನಂಬಲಿಕ್ಕಿಲ್ಲ.

ಊರಿನ ಸ್ಮಶಾನದಲ್ಲಿ ಜಾಗ ಕಡಿಮೆ. ಮೂರು ವರ್ಷಕ್ಕೆ ಗೋರಿ ತೆಗೆದು, ಮೂಳೆಗಳನ್ನು ವೈನಿನಲ್ಲಿ ತೊಳೆದು ಪೆಟ್ಟಿಗೆಗೆ ತುಂಬಬೇಕು. ಅದಕ್ಕೆಂದೇ ನಾದಿನಿ ಪೊಲಿಕ್ಸೇನಿ ಸೀಸೆ, ಬಿಳಿ ಬಟ್ಟೆ ಹಿಡಿದು ಬಂದಿದ್ದಳು. ಆದರೆ ಅಗೆಯುವವನು ಗುಂಡಿಯೊಳಗೆ ಬಗ್ಗಿ ನೋಡಿದವನೇ ಸಲಿಕೆ ಬದಿಗಿಟ್ಟ.

"ದೇಹ ಇನ್ನೂ ಕರಗಿಲ್ಲ ಮೇಷ್ಟ್ರೇ. ಮುಚ್ಚಿಬಿಡ್ಲಾ? ಇನ್ನೊಂದೆರಡು ವರ್ಷ ಬಿಟ್ಟು ನೋಡೋಣ."

"ಇಲ್ಲಿ ಮಣ್ಣು ಜಿಗುಟು. ಅದಕ್ಕೇ ಇರಬೇಕು," ಅಂದರು ಮೆಲಿಸ್ಸಿನೋಸ್.

"ಮಣ್ಣಿನ ಮೇಲೆ ಹಾಕ್ಬೇಡಿ ಭಾವ," ಅಂದಳು ಪೊಲಿಕ್ಸೇನಿ. "ಬದುಕಿರೋರು ಯಾರಾದ್ರೂ ಸತ್ತವರನ್ನ ಕ್ಷಮಿಸದೆ ಉಳಿದಿದ್ರೆ ಮಣ್ಣು ಒಪ್ಪಲ್ಲ. ನಾನಂತೂ ಎಲ್ಲಾ ಕ್ಷಮಿಸಿದ್ದೀನಿ, ನನ್ನ ಓಲೆ ಕಳೆದು ಹಾಕಿದ್ದನ್ನೂ ಸೇರಿಸಿ. ಇನ್ನು ನೀವೊಬ್ರೇ. ಏನದು ಹೊಟ್ಟೇಲಿಟ್ಕೊಂಡಿರೋದು?"

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಅವರು ಓದಿದ್ದರಲ್ಲೆಲ್ಲ ಸತ್ತವರು ಬದುಕಿದ್ದವರ ಮೇಲೆ ಮುನಿಯುತ್ತಾರೆ, ಇಲ್ಲಿ ನೋಡಿದರೆ ಎಲ್ಲ ತಿರುಗುಮುರುಗು. ಅವರ ಪುಸ್ತಕಗಳನ್ನೆಲ್ಲ ಟೈಪ್ ಮಾಡಿದವಳು ಎವಾಂಥಿಯಾ. ಹೊತ್ತುಗೊತ್ತಿಲ್ಲದೆ ಬರುವ ಶಿಷ್ಯರಿಗೆ ಕಾಫಿ ಕಾಸಿದವಳು, ಮೇಷ್ಟ್ರು ಬರೆಯಲು ಕೂತರೆ ಫೋನಿನಲ್ಲಿ ಮನೆಯಲ್ಲಿಲ್ಲವೆಂದು ಸುಳ್ಳು ಹೇಳಿದವಳು. ಅಂಥವಳನ್ನು ಕ್ಷಮಿಸುವುದಕ್ಕೆ ಏನಿದೆ?

"ಅವಳು ನನ್ನನ್ನ ಕ್ಷಮಿಸ್ಬೇಕಲ್ವೇನಮ್ಮ?"

"ಅದು ಅವಳ ಪಾಡು. ನಿಮ್ಮದು ಹೇಳಿ."

ಮೆಲಿಸ್ಸಿನೋಸ್ ಗಂಟಲು ಸರಿಮಾಡಿಕೊಂಡು ಹಳೆಯ ಗ್ರೀಕಿನಲ್ಲಿ, ಗೋರಿಕಲ್ಲುಗಳ ಮೇಲಿನ ಬೀಳ್ಕೊಡುಗೆಯ ಮಾತು ಶುರುಮಾಡಿದರು.

"ಪಾಠ ಮಾಡ್ಬೇಡಿ ಭಾವ," ಅಂದಳು ಪೊಲಿಕ್ಸೇನಿ. "ಮನೇಲಿ ಹೇಗೆ ಮಾತಾಡ್ತಿದ್ರೋ ಹಾಗೆ ಮಾತಾಡಿ."

ಅವರು ಗುಂಡಿಯ ಅಂಚಿಗೆ ಬಂದರು. "ಎವಾಂಥಿಯಾ, ನಾನು ನಿನ್ನ..." 'ಕ್ಷಮಿಸಿದ್ದೀನಿ' ಎಂಬ ಮುಂದಿನ ಮಾತು ಬರಲೇ ಇಲ್ಲ. ಮತ್ತೆ ಪ್ರಯತ್ನಿಸಿದರು, ಆಗಲೂ ಇಲ್ಲ. ಆಗ ಅವರಿಗೇ ಆಶ್ಚರ್ಯವಾಗುವಂತೆ ವಿಯೆನ್ನಾ ನೆನಪಾಯಿತು.

ಪದಕ ತರಲು ವಿಯೆನ್ನಾಕ್ಕೆ ಹೊರಟ ದಿನ ಅವಳೇ ಬಾಗಿಲಲ್ಲಿ ನಿಂತು ಟೈ ಕಟ್ಟಿದ್ದಳು, ಬರುವಾಗ ಕೇಕು ತನ್ನಿ ಅಂದಿದ್ದಳು. ಉಳಿದಿರುವುದು ಕೆಲವೇ ದಿನ ಎಂದು ಡಾಕ್ಟರು ಅವಳಿಗೆ ಆಗಲೇ ಹೇಳಿದ್ದರು. ಇವರು ಕೇಕು ಹಿಡಿದು ಬಂದಾಗ ಮನೆ ತುಂಬ ಜನ, ನಡುವೆ ಶವ. ಆಮೇಲೆ ಹೋದ ಹೋದ ಸಭೆಯಲ್ಲೆಲ್ಲ ಇವರು ಅದನ್ನೇ ಹೇಳುತ್ತಿದ್ದರು. ಗಂಡನ ಸನ್ಮಾನ ಕೆಡಬಾರದೆಂದು ಸಾವನ್ನೇ ಮುಚ್ಚಿಟ್ಟಳು, ಎಂಥ ಹೆಂಗಸು ಅಂತ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ನೋಡಿದರೆ ಇವರ ಎದೆಯೊಳಗೆ ಇದ್ದದ್ದೆಲ್ಲ ಬರೀ ಸಿಟ್ಟು.

"ಯಾಕೇ ಹೇಳ್ಲಿಲ್ಲ?" ಅಂದರು ಗುಂಡಿಗೆ. "ಯಾವನಿಗೆ ಬೇಕಿತ್ತು ಪದಕ? ಒಂದು ಮಾತು ಹೇಳಿದ್ರೆ ನಾನು ಹೋಗ್ತಿರ್ಲಿಲ್ಲ ಕಣೇ."

ಪೊಲಿಕ್ಸೇನಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ ಮೆಲ್ಲಗೆ ಅಂದಳು: "ಆಗ ನಾನೂ ಅವಳನ್ನ ಅದನ್ನೇ ಕೇಳಿದ್ದೆ ಭಾವ. 'ಹೇಳಿದ ಮೇಲೂ ಅವರು ಹೊರಟುಬಿಟ್ರೆ?' ಅಂದ್ಲು. ಅದೊಂದು ನೋಡೋದು ಅವಳಿಗೆ ಬೇಡವಾಗಿತ್ತು."

ಖಂಡಿತ ಹೋಗುತ್ತಿರಲಿಲ್ಲ ಎಂದು ಹೇಳಲು ಮೆಲಿಸ್ಸಿನೋಸ್ ಬಾಯಿ ತೆರೆದರು. ಆದರೆ ಆ ಬೆಳಗ್ಗೆ, ಆ ಟೈ ಕಟ್ಟಿದ ಮೇಲೆ, ಅವಳು ಹೇಳಿದ್ದರೆ ತಾವು ಏನು ಮಾಡುತ್ತಿದ್ದರೋ ಅವರಿಗೇ ಗೊತ್ತಾಗಲಿಲ್ಲ.

"ಮುಚ್ಚಲಾ ಮೇಷ್ಟ್ರೇ?" ಅಗೆಯುವವನು ಕೇಳಿದ.

"ತಾಳಪ್ಪ," ಅಂದರು ಅವರು, ಅಗೆದು ಹಾಕಿದ ಹಸಿ ಮಣ್ಣಿನ ಮೇಲೆಯೇ ಕೂರುತ್ತಾ. "ಆ ಮಾತು ಇನ್ನೂ ನನಗೆ ಹೇಳೋಕ್ಕಾಗಿಲ್ಲ."