ತಡಕ್ಕೆ ಕಾರಣ

ಮೂವತ್ತೊಂಬತ್ತನೆಯ ನಂಬರು ಕೂಗಿದಾಗಲೂ ಅವನು ಕಾರ್ಮಿಕ ಇಲಾಖೆಯ ಕಚೇರಿಯ ಬೆಂಚಿನ ಮೇಲೆ ಕೂತೇ ಇದ್ದ, ಅವನದು ನಲವತ್ತನಾಲ್ಕು. ಕೆಲಸದಿಂದ ತೆಗೆದುಹಾಕಿ ಇಂದಿಗೆ ಸರಿಯಾಗಿ ಮೂರು ತಿಂಗಳು. ಅನ್ಯಾಯವಾಯಿತೆಂದು ಅರ್ಜಿ ಹಾಕಲು ಇಂದೇ ಕಡೆಯ ದಿನ, ಅದೂ ಐದು ಗಂಟೆಯ ತನಕ.

ಕಂಪನಿಗೆ ಬರೆದ ಮೇಲ್ಮನವಿಗೆ ಉತ್ತರ ಬಂದ ದಿನದಿಂದ ಗಡುವು ಎಣಿಸುತ್ತಾರೆಂದು ನಂಬಿ ಕೂತಿದ್ದ ಭೂಪ ಅವನು. ನಕ್ಷೆ ಬರೆಯುವವನಿಗೆ ಅಳತೆ ಎಲ್ಲಿಂದ ಶುರುವೆಂದೇ ತಿಳಿಯಲಿಲ್ಲವೇ ಎಂದು ಹೆಂಡತಿ ನಕ್ಕಿದ್ದಳು. ಜೊತೆಗೇ ಕೆಲಸ ಕಳೆದುಕೊಂಡ ಸಹೋದ್ಯೋಗಿ ಬೋಳ ಮಾತ್ರ ಯಾರ ಉತ್ತರಕ್ಕೂ ಕಾಯದೆ ಎರಡನೆಯ ವಾರವೇ ಅರ್ಜಿ ಹಾಕಿದ್ದ.

ಪಕ್ಕದಲ್ಲಿ ಕೂತಿದ್ದ ಕಂಪನಿಯ ಹಳೆಯ ಟೈಪಿಸ್ಟ್ ಅವನತ್ತ ಬಾಗಿದಳು. "ಗೊತ್ತಾಯ್ತಾ? ನಿಮ್ಮ ಬೋಳನ್ನ ವಾಪಸ್ ತಗೊಂಡ್ರಂತೆ. ನಿಮ್ಮ ಟೇಬಲ್ಲೇ ಕೊಟ್ಟಿದಾರಂತೆ."

"ಒಳ್ಳೇದಾಯ್ತು ಬಿಡಿ."

ಒಳ್ಳೆಯದೇನೂ ಆಗಿರಲಿಲ್ಲ. ಹೊಟ್ಟೆಯೊಳಗೆ ಕಿಚ್ಚು ಹೊತ್ತಿಕೊಂಡಿತು. ಗಡಿಯಾರದಲ್ಲಿ ಇನ್ನೂ ಮೂರು. ಕಂಪನಿಗೆ ಹೋಗಿ ಒಮ್ಮೆ ಕಣ್ಣಾರೆ ನೋಡಿ ಬಂದರಾಯಿತು. ಅರ್ಜಿಯನ್ನು ಮಡಚಿ ಜೇಬಿಗೆ ತುರುಕಿ ಎದ್ದ.

ನಿಜವೇ. ಕಿಟಕಿಯ ಪಕ್ಕದ ಅವನ ಟೇಬಲ್ಲಿನಲ್ಲಿ ಬೋಳ ಕೂತಿದ್ದ, ಅವನ ಕುರ್ಚಿಯನ್ನು ತನ್ನ ಕಾಲಿನ ಅಳತೆಗೆ ತಗ್ಗಿಸಿಕೊಂಡು. ಗಾಜಿನಾಚೆ ನಿಂತವನನ್ನು ಕಂಡು ಓಡಿ ಬಂದ.

"ಅರ್ಜಿ ಹಾಕ್ದೆ ತಾನೆ?"

"ಹೂಂ, ಹಾಕಾಯ್ತು."

"ಸದ್ಯ! ವಿಚಾರಣೆಗೆ ನಾನೇ ಬಂದು ಸಾಕ್ಷಿ ಹೇಳ್ತೀನಿ. ಇರೋ ಕೆಲಸ ಹೋದ್ರೂ ಹೋಗ್ಲಿ. ಬಾ, ಕಾಫಿ ಕುಡಿ."

ಬೀಗಿದ್ದರೆ, ಹಂಗಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಕೆಲಸವೂ ಅವನಿಗೆ, ಒಳ್ಳೆಯತನವೂ ಅವನಿಗೇ ಎಂದು ಮೈಯೆಲ್ಲ ಉರಿಯಿತು. ಈಗ ಅವಸರದಿಂದ ಎದ್ದರೆ ಗುಟ್ಟು ರಟ್ಟು. ಕಾಫಿ ಕುಡಿದ. ಬೋಳ ಬಲವಂತ ಮಾಡಿದ್ದಕ್ಕೆ ಇನ್ನೊಂದು ಲೋಟವನ್ನೂ ಕುಡಿದ.

ಕಚೇರಿಗೆ ವಾಪಸು ಬಂದಾಗ ಐದೂ ಹತ್ತು. ಬೆಂಚುಗಳು ಖಾಲಿ.

"ಇವತ್ತಿಂದು ಮುಗೀತು ಸ್ವಾಮಿ," ಎಂದ ಗುಮಾಸ್ತ. "ನಾಳೆ ತಾರೀಕಲ್ಲಿ ತಗೋತೀನಿ. ಆದ್ರೆ ತಡಕ್ಕೆ ಕಾರಣ ಬರೀಬೇಕು. ಸಾಹೇಬ್ರು ಒಪ್ಪಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

"ಏನಂತ ಬರೀಲಿ?"

"ಕೆಲವರು ಜ್ವರ ಅಂತಾರೆ, ಕೆಲವರು ಸಾವು ಅಂತಾರೆ. ನಿಮ್ದು ಏನಿದೆಯೋ ಅದು."

ಅವನು ಪೆನ್ನು ತೆಗೆದ. ಕಾರಣದ ಚೌಕದಲ್ಲಿ, ನಕ್ಷೆಯ ಮೂಲೆಯಲ್ಲಿ ಬರೆಯುವಂಥ ನೇರ ಅಕ್ಷರಗಳಲ್ಲಿ, ಬೋಳನ ಪೂರ್ತಿ ಹೆಸರು ಬರೆದ. ಮುಂದೆ ಏನೂ ಹೊಳೆಯಲಿಲ್ಲ. ಗುಮಾಸ್ತ ತಾರೀಕಿನ ಮೊಹರಿನ ಚಕ್ರ ತಿರುಗಿಸಿ, ಇಂದಿನ ತಾರೀಕನ್ನು ಹೆಬ್ಬೆರಳಿನಿಂದ ಒಳಗೆ ತಳ್ಳುತ್ತಿದ್ದ.