ನಾಲ್ಕು ಸೊನ್ನೆ

ಟಿಕ್ಕಿನ ಉದ್ದ ಬಾಲ ನೋಡಿಯೇ ಗೊತ್ತಾಯಿತು, ಎಣಿಕೆಯ ಮೇಜಿನ ಮೇಲಿದ್ದ ಮತಪತ್ರ ತನ್ನದು.

ಇಪ್ಪತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಎಳೆದ ಬಾಲ. ವಾರ್ಡಿಗೆ ನಿಂತಿದ್ದ ನರ್ಸಮ್ಮನ ಹೆಸರಿನ ಮುಂದೆ ಮೆರೆಯುತ್ತಿತ್ತು. ಉಳಿದ ನಾಲ್ಕು ಪಕ್ಷದವರ ಮುಂದೆ ಒಂದೊಂದು ಸೊನ್ನೆ, ದುಂಡಗೆ. ಎಣಿಕೆ ಕೆಲಸದವರು ಅಂಚೆಯಲ್ಲೇ ಮತ ಹಾಕಬೇಕು. ಹತ್ತು ದಿನದ ಹಿಂದೆ ಒಂದು ಕಟ್ಟು ಪತ್ರಿಕೆ ತಿದ್ದಿ ಮುಗಿಸಿ, ಅದೇ ಕೈಯಲ್ಲಿ ಇದನ್ನೂ ತಿದ್ದಿದ್ದ. ಟಿಕ್ ಹಾಕಿದರೂ ಸಿಟ್ಟು ತೀರಿರಲಿಲ್ಲ. ಆ ನಾಲ್ವರ ಮುಂದೆ ಖಾಲಿ ಬಿಟ್ಟರೆ ಪಾಸು ಮಾಡಿದಂತೆ ಅನ್ನಿಸಿತ್ತು.

ಸ್ವಂತ ವಾರ್ಡಿನ ಮೇಜಿಗೆ ಯಾರನ್ನೂ ಹಾಕುವುದಿಲ್ಲ. ಆದರೆ ಆ ಮೇಜಿನವನಿಗೆ ಬೆಳಿಗ್ಗೆ ವಾಂತಿ ಶುರುವಾಗಿ, ತರಬೇತಿ ಕೊಟ್ಟ ಮೇಷ್ಟ್ರೇ ಇದ್ದಾರಲ್ಲ ಎಂದು ಚುನಾವಣಾಧಿಕಾರಿ ಇವನನ್ನು ಕೂರಿಸಿದ್ದರು.

‘ಅದು ನನ್ನ ವಾರ್ಡು ಸಾರ್.’

‘ಎಣಿಸೋಕೆ ಬರುತ್ತೆ ತಾನೆ?’

ಗುತ್ತಿಗೆದಾರ ಸಾವಿರದ ಇನ್ನೂರ ಏಳು. ನರ್ಸಮ್ಮ ಸಾವಿರದ ಇನ್ನೂರ ಆರು. ಅನುಮಾನವೆಂದು ಬದಿಗಿಟ್ಟಿದ್ದ ಇದೊಂದೇ ಉಳಿದಿತ್ತು. ಹಿಡಿದರೆ ಸಮ, ಚೀಟಿ ಎತ್ತಬೇಕು. ಬಿಟ್ಟರೆ ಗುತ್ತಿಗೆದಾರ ಗೆದ್ದ. ಶಾಲೆಯ ಹಿಂದಿನ ಕಸದ ಗುಡ್ಡ ಇನ್ನೈದು ವರ್ಷ ಅಲ್ಲೇ. ಊರ ಕಸ ಹೊರುವ ಲಾರಿಗಳು ಅವನವೇ. ಮೂರು ವರ್ಷದಿಂದ ಇವನ ತರಗತಿಯ ಕಿಟಕಿ ತೆರೆದಿಲ್ಲ. ಮಕ್ಕಳು ಮಗ್ಗಿ ಹೇಳುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಕೆಮ್ಮುವ ಮಕ್ಕಳ ಪಟ್ಟಿ ಹಿಡಿದು ಮನೆಮನೆ ಹತ್ತಿ ಇಳಿದವಳು ನರ್ಸಮ್ಮ. ಜೊತೆಗೆ ಹೋದವಳು ಇವನ ಹೆಂಡತಿ. ಇವನು ಅವರ ಕರಪತ್ರದ ಕಾಗುಣಿತ ತಿದ್ದಿಕೊಟ್ಟಿದ್ದ. ಅಷ್ಟೆ.

‘ಹೇಳಿ ಮೇಷ್ಟ್ರೇ, ರೂಲ್ಸ್ ಏನು?’ ಅಧಿಕಾರಿಯ ಕಣ್ಣು ಗೋಡೆಯ ಟಿವಿಯ ಮೇಲಿತ್ತು. ಇವತ್ತೇ ಎಣಿಕೆ ನಡೆದಿದ್ದ ಪ್ರಾಂತ್ಯದ ಚುನಾವಣೆಯಲ್ಲಿ ಯಾರಿಗೂ ಬಹುಮತವಿಲ್ಲ. ನಿನ್ನೆಯವರೆಗೆ ಒಬ್ಬರನ್ನೊಬ್ಬರು ಕಳ್ಳ ಎಂದು ಬೈದ ಇಬ್ಬರು ಅಲ್ಲಿ ತಬ್ಬಿಕೊಳ್ಳುತ್ತಿದ್ದರು.

ಗುತ್ತಿಗೆದಾರನ ಏಜೆಂಟು ನಕ್ಕ. ‘ಯಾವನೋ ತಲೆಕೆಟ್ಟವನು ಸಾರ್. ವೋಟು ಹಾಕು ಅಂದ್ರೆ ಮಾರ್ಕ್ಸ್ ಕೊಟ್ಟಿದಾನೆ.’

ಮೇಜಿನ ಸುತ್ತ ಎಲ್ಲರೂ ನಕ್ಕರು. ಇವನೂ ನಕ್ಕ. ನಕ್ಕ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ನರ್ಸಮ್ಮ ಬಗ್ಗಿ ನೋಡಿದಳು. ‘ಇದ್ರಲ್ಲಿ ಅನುಮಾನ ಏನಿದೆ ಸಾರ್? ಇಷ್ಟು ಸ್ಪಷ್ಟವಾಗಿ ನಂಗೆ ಯಾರೂ ವೋಟು ಹಾಕಿಲ್ಲ.’ ಅವಳ ಬೆರಳು ಟಿಕ್ಕಿನ ಬಾಲದ ಹತ್ತಿರ ನಿಂತಿತು. ಅವಳ ಮಗಳು ಇವನ ತರಗತಿಯಲ್ಲೇ ಓದುತ್ತಿದ್ದಳು. ನರ್ಸಮ್ಮ ತಲೆಯೆತ್ತಿ ಇವನನ್ನು ನೋಡಿದಳು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

ಇದು ನಿಮ್ಮದೇ ಎಂದು ಹೇಳಿಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ.

‘ಗುರುತು ಒಂದೇ ಇರಬೇಕು,’ ಎಂದ. ತರಬೇತಿಯಲ್ಲಿ ನಲವತ್ತು ಸಲ ಹೇಳಿದ ಮಾತು. ‘ಬೇರೆ ಏನೇ ಬರೆದಿದ್ರೂ ಅಸಿಂಧು.’

ಕೈಪಿಡಿಯ ಮರುಪುಟದಲ್ಲಿ ಇನ್ನೊಂದು ಸಾಲಿತ್ತು: ಮತದಾರನ ಇಂಗಿತ ಸ್ಪಷ್ಟವಿದ್ದರೆ ಅಧಿಕಾರಿ ಒಪ್ಪಬಹುದು. ಅದೂ ಬಾಯಿಪಾಠವಿತ್ತು. ಆದರೆ ಹೇಳಿದರೆ ಆ ತಲೆಕೆಟ್ಟವನ ಪರ ವಹಿಸಿದಂತಾಗುತ್ತಿತ್ತು. ತಲೆಕೆಟ್ಟವನು ಯಾರೆಂದು ಯಾರಾದರೂ ಯೋಚಿಸತೊಡಗಿದರೆ?

ಕಾರಣ ಬರೆದು ರುಜು ಹಾಕಿದ. ರುಜುವಿಗೂ ಅದೇ ಬಾಲ ಬಂತು.

ಮಧ್ಯಾಹ್ನ ಹೆಂಡತಿ ಫೋನು ಮಾಡಿದಳು.

‘ಒಂದೇ ಒಂದು ವೋಟಂತೆ ಕಣ್ರೀ.’

‘ಹೂಂ.’

‘ನೀವು ಅಂಚೇಲಿ ಹಾಕಿದ್ರಲ್ಲ?’

‘ಹಾಕಿದ್ದೆ.’

‘ಅದು ತಲುಪಿತ್ತಾ?’

‘ತಲುಪಿತ್ತು.’

‘ಮತ್ತೆ ಯಾವ ಮನೆಹಾಳ ಆ ಒಂದು ವೋಟು ತಪ್ಪಿಸಿದ?’ ಎಂದಳು. ಇವನು ಫೋನು ಇಟ್ಟ.

ಸಂಜೆ ನಡೆದು ಬರುವಾಗ ಬೀದಿಯ ತಿರುವಿನಲ್ಲಿ ಮೆರವಣಿಗೆ ಎದುರಾಯಿತು. ತೊಳೆದು ತಂದ ಕಸದ ಲಾರಿ, ಧ್ವನಿವರ್ಧಕ, ಬಣ್ಣದ ಕಾಗದದ ಚೂರು. ಗೋಡೆಗೆ ಅಂಟಿಕೊಂಡು ದಾಟಿಬಿಡಬೇಕೆಂದುಕೊಂಡ.

‘ಅಗೋ ಮೇಷ್ಟ್ರು! ನಮ್ಮಣ್ಣನ್ನ ಗೆಲ್ಲಿಸಿದ ಮೇಷ್ಟ್ರು!’ ಏಜೆಂಟು ಲಾರಿಯ ಮೇಲಿಂದ ಕೈ ಚಾಚಿದ.

‘ಬಿಡಪ್ಪ, ಮನೆಗೆ ಹೋಗ್ಬೇಕು.’

‘ಮನೆ ಎಲ್ಲೂ ಓಡಿಹೋಗಲ್ಲ, ಹತ್ತಿ ಸಾರ್!’

ಕೆಳಗಿನವರು ಎತ್ತಿದರು, ಮೇಲಿನವರು ಎಳೆದುಕೊಂಡರು. ಏಜೆಂಟು ಇವನ ಕೈ ಹಿಡಿದು ಎತ್ತಿ ಊರಿಗೆಲ್ಲ ತೋರಿಸಿದ. ಎಷ್ಟು ತೊಳೆದರೂ ಲಾರಿಯ ವಾಸನೆ ಹೋಗಿರಲಿಲ್ಲ. ಥೂ, ಇವರ ಗೆಲುವಿಗಿಷ್ಟು! ತನ್ನ ನಿಯಮಕ್ಕಿಷ್ಟು!

ಲಾರಿ ಮನೆಯ ಮುಂದೆಯೇ ಹೋಯಿತು. ಉಳಿದ ಕರಪತ್ರಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ಹೆಂಡತಿ ಗೇಟಿನಲ್ಲಿ ನಿಂತಿದ್ದಳು. ಇವನು ಕೈ ಕೊಸರಿಕೊಂಡ. ಕೆಳಗಿನಿಂದ ಅದು ಕೈ ಬೀಸಿದಂತೆಯೇ ಕಂಡಿರಬೇಕು. ಅವಳು ಒಳಗೆ ಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು.

ಡ್ರೈವರನೂ ಕುಡಿದಿದ್ದ. ದಿನದ ಅಭ್ಯಾಸಕ್ಕೆ ಗಾಡಿಯನ್ನು ಶಾಲೆಯ ಹಿಂದಕ್ಕೆ ತಿರುಗಿಸಿದ. ಗುಡ್ಡದ ಬುಡದಲ್ಲಿ ಹಿಂದಕ್ಕೆ ತಂದು ನಿಲ್ಲಿಸಿ, ಕಸ ಸುರಿಯುವ ಹಿಡಿ ಎಳೆದ. ಹಿಂಬಾಗಿಲು ಕಳಚಿ ಬಿತ್ತು.

‘ಏಯ್, ಏನು ಮಾಡ್ತಿದೀಯೋ!’ ಯಾರೋ ನಗುತ್ತ ಕೂಗಿದರು. ಧ್ವನಿವರ್ಧಕದಲ್ಲಿ ಅದು ಮುಳುಗಿತು.

ಕಾಲ ಕೆಳಗಿನ ತಗಡು ನಿಧಾನವಾಗಿ ಮೇಲೇಳತೊಡಗಿತು. ಮೊದಲು ಬಣ್ಣದ ಕಾಗದಗಳು ಇವನ ಪಾದ ಸವರಿಕೊಂಡು ಜಾರಿಹೋದವು. ಇವನ ಕೈ ಇನ್ನೂ ಏಜೆಂಟನ ಹಿಡಿತದಲ್ಲಿ ಮೇಲೆಯೇ ಇತ್ತು. ಜನ ಜೈಕಾರ ಹಾಕುತ್ತಲೇ ಇದ್ದರು.