ಎಲ್ಮಾರ್ ನೀರು ಕೊಡದ ದಿನ

ಬೆಳಗಿನ ನಾಲ್ಕಕ್ಕೆ ವ್ಯಾನು ಮನೆ ಮುಂದೆ ಬಂದು ನಿಂತಾಗ ದೋನ್ಯಾ ಕ್ಲೆಮೆನ್ಸಿಯಾ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಮೈಮೇಲೆ ಉಣ್ಣೆಯ ಕರಿ ಶಾಲು, ಚೀಲದಲ್ಲಿ ಜೋಳದ ಹಿಟ್ಟಿನ ನಾಲ್ಕು ತಮಾಲೆ ಕಡುಬು, ತಾನೇ ಮಾಡಿದ ಹಂದಿ ಸಾಸೇಜು, ಒಂದು ಬಾಟಲಿ ನೀರು. ಜಲಪಾತ ನೋಡಲು ಹೊರಟವಳ ಮುಖ ಅದಾಗಿರಲಿಲ್ಲ. ಕೋರ್ಟಿಗೆ ಸಾಕ್ಷಿ ಹೇಳಲು ಹೊರಟವಳ ಹಾಗಿತ್ತು.

ಪ್ರವಾಸಿಗಳ ವ್ಯಾನು ಓಡಿಸುವ ಎಲ್ಮಾರ್ ಅವಳ ಮಗಳು ಯಾರೆಲಿಯನ್ನು ಮದುವೆಯಾಗಲು ಹಂಬಲಿಸುತ್ತಿದ್ದ ಹುಡುಗ. ಚಳಿಯ ಬೆಟ್ಟದೂರು ಸಾನ್ ಕ್ರಿಸ್ತೋಬಲಿನ ಅವರ ಕೇರಿಯಲ್ಲಿ ಹೆಣ್ಣು ಕೇಳುವುದಕ್ಕೆ ಒಂದು ಕ್ರಮವಿದೆ. ಗಂಡಿನ ಕಡೆಯವರು ಬುಟ್ಟಿ ತುಂಬ ಬ್ರೆಡ್ಡು, ಚಾಕೊಲೇಟು, ಒಂದು ಸೀಸೆ ಕಬ್ಬಿನ ಸಾರಾಯಿ ತಂದು ಮುಂದಿಡುತ್ತಾರೆ. ಹೆಣ್ಣಿನ ಹಿರಿಯರು ಅದರಲ್ಲಿ ಏನನ್ನಾದರೂ ಕೈಗೆತ್ತಿಕೊಂಡರೆ ಹೂಂ ಎಂದರ್ಥ. ಕೈ ಮಡಿಲಲ್ಲೇ ಉಳಿದರೆ ಊಹೂಂ. ಮೂರು ಸಲ ಕೇಳಬಹುದು. ಮೂರನೆಯದೂ ಊಹೂಂ ಆಯಿತೋ, ಮುಗಿಯಿತು. ಆಮೇಲೆ ಹುಡುಗಿ ಅತ್ತು ಕರೆದರೂ ಆ ಹುಡುಗ ಆ ಬಾಗಿಲ ಕಡೆ ತಲೆ ಹಾಕುವಂತಿಲ್ಲ. ಎಲ್ಮಾರನ ಕಡೆಯವರು ಎರಡು ಸಲ ಬಂದು ಹೋಗಿದ್ದರು. ಎರಡು ಸಲವೂ ಕ್ಲೆಮೆನ್ಸಿಯಾಳ ಕೈ ಮಡಿಲು ಬಿಟ್ಟು ಏಳಲಿಲ್ಲ.

ಹುಡುಗ ಕುಡುಕನಲ್ಲ, ಸೋಮಾರಿಯಲ್ಲ, ನೋಡಲೂ ಪರವಾಗಿಲ್ಲ. ಅವನ ತಪ್ಪು ಒಂದೇ, ಅವನು ಪಾಲೆಂಕೆ ದಾರಿಯ ಡ್ರೈವರು. ಕ್ಲೆಮೆನ್ಸಿಯಾಳ ಗಂಡ ಆರ್ತೆಮಿಯೋ ಇಪ್ಪತ್ತೆರಡು ವರ್ಷ ಅದೇ ದಾರಿಯಲ್ಲಿ ಬಸ್ಸು ಓಡಿಸಿದವನು. ಅವನು ತೀರಿಕೊಂಡ ದಿನ ಶವಪೆಟ್ಟಿಗೆಯ ಈ ಕಡೆ ಕೂತು ಅವಳು ಅಳುತ್ತಿದ್ದರೆ, ಆ ಕಡೆ ಪಾಲೆಂಕೆಯಿಂದ ಬಂದ ಒಬ್ಬಳು ಎರಡು ಮಕ್ಕಳನ್ನು ತಬ್ಬಿಕೊಂಡು ಅವಳಿಗಿಂತ ಜೋರಾಗಿ ಅಳುತ್ತಿದ್ದಳು. ಮಕ್ಕಳ ಮೂಗು ಥೇಟ್ ಆರ್ತೆಮಿಯೋನದೇ. ಅಂದಿನಿಂದ ಆ ಊರಿನ ಹೆಸರು ಕೇಳಿದರೆ ಅವಳಿಗೆ ಮೈ ಉರಿಯುತ್ತದೆ. ಪ್ರಪಂಚದ ಮೂಲೆಮೂಲೆಯಿಂದ ಜನ ಅಲ್ಲಿನ ಹಳೇ ಕಲ್ಲು ನೋಡಲು ಬರುತ್ತಾರೆ. ಅರವತ್ತೆರಡು ವರ್ಷದಲ್ಲಿ ಅವಳು ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

"ಆ ದಾರೀಲಿ ಓಡಾಡೋ ಗಂಡಸರಿಗೆಲ್ಲ ಎರಡೆರಡು ಮನೆ ಇರುತ್ತೆ ಕಣೇ," ಎಂದಿದ್ದಳು ಮಗಳಿಗೆ.

"ಹಾಗಾದ್ರೆ ನೀನೇ ಹೋಗಿ ನೋಡ್ಕೊಂಡು ಬಾರಮ್ಮ," ಎಂದಳು ಯಾರೆಲಿ. "ಗುರುವಾರ ಅವನ ವ್ಯಾನಲ್ಲಿ ಒಂದು ಸೀಟು ಖಾಲಿ ಇದೆ. ಇಡೀ ದಿನ ಅವನ ಬೆನ್ನ ಹಿಂದೆ ಕೂತಿರು. ಇನ್ನೊಂದು ಮನೆ ಕಂಡ್ರೆ ಬುಟ್ಟೀನ ನಾನೇ ಬೀದಿಗೆ ಎಸೀತೀನಿ."

"ಕಾಣದೆ ಎಲ್ಲಿಗೆ ಹೋಗುತ್ತೆ!"

ಹೀಗೆ ಪಂಥ ಕಟ್ಟಿ ಬಂದವಳಿಗೆ ಒಂದೇ ಭಯವಿತ್ತು. ಅವನ ಕೈಯಿಂದ ಒಂದು ಗುಟುಕು ನೀರು ಇಸಿದುಕೊಂಡರೂ ಸಾಕು, ಕೇರಿಯವರು "ತಗೊಂಡಳಂತೆ!" ಎಂದು ಮದುವೆ ಊಟಕ್ಕೆ ಕೂತುಬಿಡುತ್ತಾರೆ. ಅದಕ್ಕೇ ಅವಳು ಹಿಂದಿನ ದಿನ ಸಾಸೇಜು ತುಂಬುತ್ತ ತುಂಬುತ್ತ ಬೇಡವೆನ್ನುವ ಮೂರು ಮಾತು ಸಿದ್ಧಪಡಿಸಿಕೊಂಡಿದ್ದಳು. ಒಂದು ಮರ್ಯಾದೆಯದು, ಒಂದು ಚುಚ್ಚುವಂಥದು, ಮೂರನೆಯದು ಕೇಳಿದವನು ಎರಡು ದಿನ ಊಟ ಬಿಡುವಂಥದು.

ದಾರಿಯ ಓಕೋಸಿಂಗೋ ಊರು ಮುಟ್ಟುವಾಗ ಬೆಳಕಾಯಿತು. ಎಲ್ಮಾರ್ ವ್ಯಾನು ನಿಲ್ಲಿಸಿ, ಐಸ್ ಡಬ್ಬಿ ತೆರೆದು, ಪ್ರವಾಸಿಗಳಿಗೆ ಒಂದೊಂದು ನೀರಿನ ಬಾಟಲಿ ಹಂಚುತ್ತ ಬಂದ. ಕ್ಲೆಮೆನ್ಸಿಯಾ ಸೆಟೆದು ಕೂತು ಗಂಟಲು ಸರಿಮಾಡಿಕೊಂಡಳು. ಮೊದಲಿಗೆ ಮರ್ಯಾದೆಯ ಮಾತೇ ಇರಲಿ. ಎಲ್ಮಾರ್ ಅವಳ ಪಕ್ಕದ ಉದ್ದನೆಯ ಡಚ್ಚರವನಿಗೆ ಬಾಟಲಿ ಕೊಟ್ಟ, ಅವಳ ಹಿಂದಿನ ಅರ್ಜೆಂಟೀನಾದ ದಂಪತಿಗೆ ಕೊಟ್ಟ, ಅವಳನ್ನು ಮಾತ್ರ ದಾಟಿಕೊಂಡು ಹೋದ.

ಮರೆತಿರಬೇಕು ಎಂದುಕೊಂಡಳು.

ದಾರಿಯುದ್ದಕ್ಕೂ ಹಂಪುಗಳು. ಪ್ರತಿ ಹಂಪಿನ ಬಳಿಯೂ ಬಾಳೆಹಣ್ಣು ಮಾರುವ ಹೆಂಗಸರು ಕಿಟಕಿಗೆ ಮುಗಿಬೀಳುತ್ತಿದ್ದರು.

"ಬಂದ್ಯಾ ನನ್ನ ರಾಜ!" ಎಂದು ಒಬ್ಬಳು ಕೂಗಿದಳು. "ನಿನ್ನೆ ಯಾಕೆ ಬರ್ಲಿಲ್ಲ, ನಿದ್ದೇನೇ ಬರ್ಲಿಲ್ಲ ನಂಗೆ!"

ಎಲ್ಮಾರನ ಕಿವಿ ಕೆಂಪಾದದ್ದು ಹಿಂದಿನ ಸೀಟಿಗೂ ಕಂಡಿತು. "ಅಮ್ಮಾ, ಅವರು ಎಲ್ಲಾ ಡ್ರೈವರ್‌ಗೂ ಹಾಗೇ ಕೂಗ್ತಾರೆ," ಎಂದ ಕನ್ನಡಿಯಲ್ಲಿ ನೋಡುತ್ತ.

"ನಾನೇನಾದ್ರೂ ಕೇಳಿದ್ನಾ?"

"ಇಲ್ಲ. ಸುಮ್ನೆ ಹೇಳ್ದೆ."

"ಕೇಳೋಕ್ಕೆ ಮುಂಚೆ ಉತ್ತರ ಕೊಡೋದು ಯಾರು ಗೊತ್ತಾ? ಕೋಳಿ ಕದ್ದೋನು. ರಸ್ತೆ ನೋಡ್ಕೊಂಡು ಓಡ್ಸು."

ಆಗ್ವಾ ಆಸುಲಿನಲ್ಲಿ ನದಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮಳೆಯಿಲ್ಲದ ತಿಂಗಳಾದ್ದರಿಂದ ನೀರು ನೀಲಿಗೆ ನೀಲಿ. ಪ್ರವಾಸಿಗಳು ಬಟ್ಟೆ ಕಳಚಿ ಧುಮುಕಿದರು. ಕ್ಲೆಮೆನ್ಸಿಯಾ ಶಾಲು ಹೊದ್ದೇ ಬಂಡೆಯ ಮೇಲೆ ಕೂತು ಸಾಸೇಜು ತಿಂದಳು. ಊರಿನ ಚಳಿಗೆ ಮಾಡಿದ ಸಾಸೇಜು, ಉಪ್ಪು ಮುಂದು. ಎರಡು ತುಂಡಿಗೇ ಅವಳ ಬಾಟಲಿ ಬರಿದಾಯಿತು. ಅಷ್ಟರಲ್ಲಿ ಎಲ್ಮಾರ್ ಕರಿಗಡುಬಿನಂಥ ಬಿಸಿಬಿಸಿ ಎಂಪನಾದಾಗಳ ತಟ್ಟೆ ಹಿಡಿದು ಬಂದ. ಅವಳು ಚುಚ್ಚುವ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡಳು. ತಟ್ಟೆ ಡಚ್ಚರವನಿಗೆ ಹೋಯಿತು, ಅರ್ಜೆಂಟೀನಾಕ್ಕೆ ಹೋಯಿತು, ಕೊನೆಗೆ ಒಂದು ಬಡಕಲು ನಾಯಿಗೂ ಒಂದು ಚೂರು ಸಿಕ್ಕಿತು. ಅವಳ ಮುಂದೆ ಮಾತ್ರ ಬರಲಿಲ್ಲ.

ಈಗ ಅವಳಿಗೆ ನಿಜಕ್ಕೂ ಸಿಟ್ಟು ಬಂತು. ಬೇಡ ಎನ್ನುವುದು ತನ್ನ ಹಕ್ಕು. ಆದರೆ ಯಾರೂ ಕೊಡದೆ ಇದ್ದರೆ ಬೇಡ ಎನ್ನುವುದಾದರೂ ಹೇಗೆ? ಮಗಳನ್ನು ಕೇಳಲು ಬಂದವನಿಗೆ ಮಗಳ ತಾಯಿ ನಾಯಿಗಿಂತ ಕಡೆಯಾದಳೇ? ಎದ್ದು ಹೋಗಿ ತನ್ನ ದುಡ್ಡಿನಲ್ಲೇ ಒಂದು ಸೋಡಾ ಕೊಂಡು, ಅವನಿಗೆ ಕಾಣುವಂತೆ ನಿಂತು ಕುಡಿದಳು. ಅವನು ಬೇಕೆಂದೇ ನದಿ ಕಡೆ ತಿರುಗಿಕೊಂಡ.

ಮಿಸೋಲ್-ಹಾದಲ್ಲಿ ಜಲಪಾತದ ಹಿಂದೆಯೇ ನಡೆದುಹೋಗುವ ದಾರಿಯಿದೆ. ಕಾಲಡಿ ಪಾಚಿ, ತಲೆಯ ಮೇಲೆ ನೀರಿನ ಅಬ್ಬರ. ಅರ್ಧ ದಾರಿಯಲ್ಲಿ ಅವಳ ಚಪ್ಪಲಿ ಜಾರಿತು. ಬೀಳುವ ಮೊದಲೇ ಯಾರದೋ ಕೈ ಮೊಣಕೈಯನ್ನು ಭದ್ರವಾಗಿ ಹಿಡಿಯಿತು. ತಿರುಗಿದರೆ ಎಲ್ಮಾರ್. ಅವನು ಆರಂಭದಿಂದಲೂ ಒಂದೇ ಹೆಜ್ಜೆ ಹಿಂದೆ ಬರುತ್ತಿದ್ದ.

"ಬಿಡೋ, ನಂಗೇನು ವಯಸ್ಸಾಗಿಲ್ಲ!" ಎಂದು ಅವಳು ನೀರಿನ ಸದ್ದಿನ ಮೇಲೆ ಕಿರುಚಿದಳು.

"ನಿಮಗೆ ಆಗಿಲ್ಲಮ್ಮ, ಚಪ್ಪಲಿಗೆ ಆಗಿದೆ!" ಎಂದು ಅವನೂ ಕಿರುಚಿದ. ಆ ತುದಿ ಮುಟ್ಟುವವರೆಗೂ ಮೊಣಕೈ ಬಿಡಲಿಲ್ಲ. ಅವಳಿಗೆ ನಗು ಬಂದಿತ್ತು. ಪುಣ್ಯಕ್ಕೆ ಮುಖವೆಲ್ಲ ನೀರಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆದರೆ ವ್ಯಾನಿಗೆ ಮರಳಿದಾಗ ಮತ್ತೆ ಅದೇ ಕಥೆ. ಎಲ್ಲರಿಗೂ ತಣ್ಣನೆಯ ಬಾಟಲಿ, ಅವಳಿಗೆ ಅವನ ಬೆನ್ನು.

ಮಧ್ಯಾಹ್ನ ಒಂದೂವರೆಗೆ ಪಾಲೆಂಕೆ. ವ್ಯಾನಿನಿಂದ ಇಳಿದೊಡನೆ ಒಲೆಯ ಬಾಯಿಗೆ ಮುಖ ಒಡ್ಡಿದಂತಾಯಿತು. ಮಾಯಾ ರಾಜರ ಕಲ್ಲಿನ ಗುಡಿಗಳು ಕಾಡಿನ ನಡುವೆ ಬಿಸಿಲು ಕಾಯುತ್ತ ಕೂತಿದ್ದವು. ಮರಗಳ ಮೇಲಿಂದ ಕೂಗುಕೋತಿಗಳು ಯಾರಿಗೋ ಶಾಪ ಹಾಕುತ್ತಿದ್ದವು. ಅಲ್ಲಿನ ಗೈಡು ಪ್ರವಾಸಿಗಳನ್ನು ಕರೆದುಕೊಂಡು ಮೆಟ್ಟಿಲ ಕಡೆ ನಡೆದ. ಕ್ಲೆಮೆನ್ಸಿಯಾ ಸಾಲಿನಿಂದ ಮೆಲ್ಲಗೆ ಹಿಂದುಳಿದಳು. ರಾಜರನ್ನು ಕಟ್ಟಿಕೊಂಡು ಅವಳಿಗೇನಾಗಬೇಕು? ಅವಳ ಕಣ್ಣು ಇದ್ದದ್ದು ಎಲ್ಮಾರನ ಮೇಲೆ.

ಎಲ್ಮಾರ್ ನಲ್ಲಿಯಲ್ಲಿ ಮುಖ ತೊಳೆದ. ಅಂಗಿ ಸರಿಮಾಡಿಕೊಂಡ. ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ! ಆಮೇಲೆ ಅತ್ತಿತ್ತ ನೋಡಿ ಅಂಗಡಿಗಳ ಹಿಂದಿನ ಕಾಲುದಾರಿ ಹಿಡಿದ.

ಸಿಕ್ಕಿಬಿದ್ದ ಕಳ್ಳ, ಎಂದುಕೊಂಡಳು. ಅವಸರದಲ್ಲಿ ಚೀಲವನ್ನೂ ವ್ಯಾನಿನಲ್ಲೇ ಬಿಟ್ಟು ಅವನ ಹಿಂದೆ ಹೊರಟಳು. ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. ಯಾರೆಲಿಗೆ ಹೇಗೆ ಹೇಳುವುದು ಎಂದು ಎದೆ ಭಾರವಾಯಿತು. ಶವಪೆಟ್ಟಿಗೆಯ ಎದುರು ತಾನು ಕೂತಂತೆ ಮಗಳೂ ಒಂದು ದಿನ ಕೂರುವುದು ಕಣ್ಣಿಗೆ ಕಟ್ಟಿತು. ಕಾಲುದಾರಿ ಕಾಡಿನೊಳಗೆ ಏರುತ್ತಿತ್ತು. ಉಣ್ಣೆ ಶಾಲಿನೊಳಗೆ ಬೆವರು ಹರಿಯಿತು, ನಾಲಿಗೆ ಅಂಗುಳಿಗೆ ಅಂಟಿತು. ಎರಡು ಕಡೆ ಕೂತು ಸುಧಾರಿಸಿಕೊಂಡು ಹತ್ತಬೇಕಾಯಿತು.

ದಾರಿ ಮುಗಿದಲ್ಲಿ ಒಂದೇ ಪಕ್ಕ ಗೋಡೆಯಿದ್ದ ಒಂದು ತಗಡಿನ ಸೂರು. ಅದರಡಿ ಸಾಲಾಗಿ ನಾಲ್ಕು ಜೋಕಾಲಿ ಹಾಸಿಗೆ. ಮೂರರಲ್ಲಿ ಎಲ್ಮಾರನೂ ಸೇರಿ ಮೂವರು ಡ್ರೈವರುಗಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಾಲ್ಕನೆಯದರಲ್ಲಿ ಕೂತು ಮಾವಿನಹಣ್ಣು ತಿನ್ನುತ್ತಿದ್ದ ದಪ್ಪನೆಯ ಡ್ರೈವರು ಅವಳನ್ನು ನೋಡಿ ಹುಬ್ಬೇರಿಸಿದ.

"ಯಾರನ್ನ ಹುಡುಕ್ತಿದೀರ ದೊಡ್ಡಮ್ಮ? ಗಂಡನ್ನಾ?"

"ಗಂಡ ಸತ್ತು ಒಂಬತ್ತು ವರ್ಷ ಆಯ್ತು."

"ಹಾಗಾದ್ರೆ ಮೂರು ಇವೆ, ಯಾವ್ದು ಬೇಕೋ ಆರಿಸ್ಕೊಳ್ಳಿ." ಮಾವಿನ ಓಟೆಯಿಂದ ಎಲ್ಮಾರನ ಕಡೆ ತೋರಿಸಿದ. "ಅದೊಂದು ಬೇಡ. ದಿನಾ ಬಂದು ಹೆಣದ ಹಾಗೆ ಬಿದ್ಕೊಳ್ಳುತ್ತೆ. ಇವತ್ತು ಮಾತ್ರ ತಲೆ ಬಾಚ್ಕೊಂಡು ಬಂದು ಮಲಗಿದೆ. ಯಾಕೋ ಅಂದ್ರೆ, ಅತ್ತೆ ಆಗೋರು ವ್ಯಾನಲ್ಲಿದ್ದಾರೆ, ಸತ್ತರೂ ನೀಟಾಗಿರಬೇಕು ಅಂತು."

ಇದೇ ಆ ಇನ್ನೊಂದು ಮನೆ. ಎಲ್ಮಾರನ ಜೋಕಾಲಿಯ ಅಡಿಯಲ್ಲಿ ಒಂದು ಜೊತೆ ಸವೆದ ಬೂಟು, ಪಕ್ಕದ ಮರದ ಬೊಡ್ಡೆಯ ಮೇಲೆ ಒಂದು ಬಾಟಲಿ ನೀರು. ರಾತ್ರಿ ಎರಡೂವರೆಗೆ ಎದ್ದ ಹುಡುಗ ಮಗುವಿನ ಹಾಗೆ ಕೈ ಜೋತುಬಿಟ್ಟು ಮಲಗಿದ್ದ. ಸಮಾಧಾನಕ್ಕೋ, ಬಿಸಿಲಿಗೋ, ಕ್ಲೆಮೆನ್ಸಿಯಾಳಿಗೆ ಕಣ್ಣು ಕತ್ತಲಿಟ್ಟಿತು. ಕಂಬ ಹಿಡಿದು ನೆಲದಲ್ಲಿ ಕುಸಿದು ಕೂತಳು.

"ಏಯ್, ಏಳೋ! ನಿಮ್ಮತ್ತೆ!" ಎಂದು ದಪ್ಪನೆಯವನು ಕೂಗಿದ.

ಎಲ್ಮಾರ್ ಧಡಕ್ಕನೆ ಎದ್ದು, ಜೋಕಾಲಿ ಮಗುಚಿ, ನೆಲಕ್ಕೆ ಬಿದ್ದ. ಬಿದ್ದವನು ಹಾಗೇ ಮೊಣಕಾಲಲ್ಲಿ ತೆವಳಿ ಬಂದ. ಬಾಟಲಿ ಎತ್ತಿ, ಮುಚ್ಚಳ ತೆಗೆದು, ಅವಳ ಮುಂದೆ ಚಾಚಿದ. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಹೋಯಿತು.

"ಕೊಡೋ ಕತ್ತೆ!" ಎಂದ ದಪ್ಪನೆಯವನು.

ಎಲ್ಮಾರ್ ಬಾಟಲಿಯನ್ನು ಅವಳ ಪಕ್ಕದ ಕಲ್ಲಿನ ಮೇಲಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿ ನಿಂತ. "ಅಮ್ಮಾ, ನೀವೇ ತಗೊಂಡು ಕುಡೀರಿ. ನಾನು ಕೊಟ್ಟಿಲ್ಲ. ನಾನು ನೋಡೋದೂ ಇಲ್ಲ. ದಯವಿಟ್ಟು ಕುಡೀರಿ."

"ಇದೇನೋ ಇದು?" ಅವಳ ದನಿ ಒಡೆದಿತ್ತು. "ಬೆಳಗ್ಗೆಯಿಂದ ಊರೋರಿಗೆಲ್ಲ ನೀರು ಹಂಚ್ದೆ. ನಾಯಿಗೂ ಎಂಪನಾದಾ ಹಾಕ್ದೆ. ನಾನೇನು ಮನುಷ್ಯಳಲ್ವಾ?"

"ಕೊಟ್ರೆ ನೀವು ಬೇಡ ಅಂತೀರಿ."

"ಅಂತೀನಿ! ಅನ್ನೋಕೇ ಬಂದಿರೋದು!"

"ಅದೇ ಅಲ್ವಾ!" ಅವನು ಗೋಡೆಯ ಕಡೆಗೇ ಹೇಳಿದ. "ಬೇಡ ಅಂದ್ರೆ ಅದು ಮೂರನೇದಾಗುತ್ತೆ. ತೆಓಫಿಲೋನ ಕಥೆ ನಿಮಗೇ ಗೊತ್ತಲ್ಲ? ಮಾರ್ಕೆಟಲ್ಲಿ ಹುಡುಗಿಯ ಅಪ್ಪನಿಗೆ ಒಂದು ಕಿತ್ತಳೆಹಣ್ಣು ಕೊಡೋಕ್ ಹೋದ. ಅವರು ಬೇಡಪ್ಪ ಅಂದ್ರು. ಮುಗೀತು, ಕೇರಿಯವರು ಅದನ್ನೇ ಮೂರು ಅಂದುಬಿಟ್ರು. ನಂಗೆ ಉಳಿದಿರೋದು ಒಂದೇ ಒಂದು ಸಲ ಕೇಳೋದಮ್ಮ. ಅದನ್ನ ನೀರಿನ ಬಾಟಲಿಗೆ ಕಳ್ಕೊಳ್ಳೋಕೆ ಆಗುತ್ತಾ? ಊರ ಹಬ್ಬದ ದಿನ ಬುಟ್ಟಿ ತಂದು ಕೇಳೋಣ ಅಂತ ಇಟ್ಕೊಂಡಿದ್ದೆ. ಬೆಳಗ್ಗೆಯಿಂದ ಒಂದೊಂದು ಸಲ ನಿಮ್ಮನ್ನ ದಾಟಿ ಹೋಗುವಾಗ್ಲೂ ನಂಗೆ ನಾಚಿಕೆ ಆಗ್ತಿತ್ತು."

ದಪ್ಪನೆಯವನು ಮಾವಿನಹಣ್ಣು ತಿನ್ನುವುದನ್ನು ನಿಲ್ಲಿಸಿದ್ದ.

ಕ್ಲೆಮೆನ್ಸಿಯಾ ಅವನ ಬೆನ್ನನ್ನೇ ನೋಡುತ್ತ ಕೂತಳು. ಆರ್ತೆಮಿಯೋ ಅವಳ ಅಪ್ಪನ ಮುಂದೆ ಬುಟ್ಟಿ ಇಟ್ಟಿದ್ದ, ಅಪ್ಪ ಮೊದಲ ಸಲಕ್ಕೇ ಸೀಸೆ ಎತ್ತಿಕೊಂಡಿದ್ದ. ಆಮೇಲೆ ಇಪ್ಪತ್ತೆರಡು ವರ್ಷ ಅವನು ಅವಳನ್ನು ಏನನ್ನೂ ಕೇಳಿರಲಿಲ್ಲ. ಹೇಳಿದ್ದ, ಹೋಗಿದ್ದ, ಬಂದಿದ್ದ. ಅವಳ ಒಂದು ಊಹೂಂಗೆ ಒಬ್ಬ ಗಂಡಸು ಹೀಗೆ ದಿನವಿಡೀ ಹೆದರಿ ನಡುಗಬಹುದು ಎಂಬುದು ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ. ಅಳು ಬಂತು. ತನಗಾಗಿ ಒಂದಿಷ್ಟು ಅತ್ತಳು, ಮುಖವನ್ನು ಶಾಲಿನಲ್ಲಿ ಒರೆಸಿಕೊಂಡಳು.

"ತಿರುಗೋ ಈ ಕಡೆ," ಎಂದಳು. "ಬುಟ್ಟಿ ಹಬ್ಬಕ್ಕೆ ತಾ. ಕೇಳೋದು ಈಗ ಕೇಳು."

"ಇಲ್ಲಿ? ಈಗ?" ಅವನ ಮುಖ ಬಿಳಿಚಿತು. "ಅಮ್ಮಾ, ನಮ್ಮಪ್ಪ ಇಲ್ಲ, ಹಿರಿಯರಿಲ್ಲ, ಕೈಯಲ್ಲಿ ಬರೀ ನೀರು..."

"ನಿಮ್ಮಪ್ಪನ್ನ ಎರಡು ಸಲ ನೋಡಾಯ್ತು. ನೀನು ಕೇಳು."

ಅವನು ಎರಡೂ ಕೈಯಲ್ಲಿ ಬಾಟಲಿ ಹಿಡಿದು ಅವಳ ಮುಂದೆ ಮಂಡಿಯೂರಿದ. ನೀರು ತುಳುಕಿ ಅವನ ಅಂಗಿಯ ಮೇಲೆ ಬಿತ್ತು. "ದೋನ್ಯಾ ಕ್ಲೆಮೆನ್ಸಿಯಾ, ನಿಮ್ಮ ಯಾರೆಲೀನ ನಂಗೆ ಕೊಡ್ತೀರಾ?"

ಗಂಟಲು ಒಣಗಿ ಉರಿಯುತ್ತಿತ್ತು, ಆದರೂ ಅವಳು ತಕ್ಷಣ ಕೈ ಚಾಚಲಿಲ್ಲ. ಹೀಗೆ ಕೇಳಿಸಿಕೊಳ್ಳುವುದು ಅವಳ ಬದುಕಿನಲ್ಲಿ ಇದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಬೇಕು ಅನ್ನಿಸಿತು.

"ಇನ್ನೊಂದ್ಸಲ ಹೇಳು," ಎಂದಳು.